ಕಲ್ಲು ತೆಗೆದ ಕೋರೆ, ಮಣ್ಣು ತೆಗೆದ ಹೊಂಡ: ಉಳಿದ ಭೂಮಿಯನ್ನು ಯಾವ ಕೆಲಸಕ್ಕೆ ಹಚ್ಚುವುದು?

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಅಗೆದು ಬಿಟ್ಟ ಭೂಮಿ ಮುಖ್ಯವಾಗಿ ಎರಡು ಬಗೆಯದು. ಪದವು ಎಂದು ಕರೆಯುವ ಎತ್ತರದ ಬಯಲು ಮತ್ತು ಗುಡ್ಡಗಳ ಮೇಲೆ ಕೆಂಪುಕಲ್ಲು ಕಡಿದು ಮುಗಿಸಿದ ಕೋರೆಗಳು ಒಂದು ಬಗೆ. ನದಿಬದಿಯ ಬೈಲುಗದ್ದೆಗಳಲ್ಲಿ ಹಂಚಿನ ಕಾರ್ಖಾನೆಗಳಿಗಾಗಿ ಆವೆಮಣ್ಣು ತೆಗೆದ ಹೊಂಡಗಳು ಇನ್ನೊಂದು ಬಗೆ. ಬಾಸೆಲ್ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನೇತ್ರಾವತಿ ಮತ್ತು ಗುರುಪುರ ನದಿಗಳ ದಂಡೆಯ ಮಣ್ಣಿಗೆ ಬೆಲೆ ಬಂತು. ಮುಂದೆ ಕುಂದಾಪುರದ ಕಡೆಗೂ ಆ ಉದ್ಯಮ ಹಬ್ಬಿತು. ಕಾಂಕ್ರೀಟ್ ತಾರಸಿ ಮತ್ತು ತಗಡಿನ ಮಾಡು ಬಂದ ಮೇಲೆ ಹಂಚಿನ ಬೇಡಿಕೆ ಕುಸಿದು ಹೆಚ್ಚಿನ ಕಾರ್ಖಾನೆಗಳು ಮುಚ್ಚಿದವು, ಹೊಂಡಗಳು ಮಾತ್ರ ಉಳಿದವು. ಕೆಂಪುಕಲ್ಲಿನ ಕಥೆ ಇದಕ್ಕೆ ವ್ಯತಿರಿಕ್ತ. ಕಲ್ಲು ಕತ್ತರಿಸುವ ಯಂತ್ರ ಬಂದ ನಂತರ ಎಕರೆಗಟ್ಟಲೆ ಗುಡ್ಡವನ್ನು ಕೆಲವೇ ವರ್ಷಗಳಲ್ಲಿ ಖಾಲಿ ಮಾಡುವುದು ಸಾಧ್ಯವಾಗಿ, ಕೋರೆಗಳ ಸಂಖ್ಯೆಯೂ ಆಳವೂ ಹೆಚ್ಚಿದವು.

ಇಂತಹ ಜಾಗ ಕೈಯಲ್ಲಿರುವವರು ಸಾಮಾನ್ಯವಾಗಿ ಮೊದಲು ಬೆಳೆಯನ್ನೋ ಉದ್ಯಮವನ್ನೋ ನಿಶ್ಚಯಿಸಿ, ಆಮೇಲೆ ಜಾಗವನ್ನು ಅದಕ್ಕೆ ಒಗ್ಗಿಸಲು ಹೊರಡುತ್ತಾರೆ. ನೆರೆಯವರು ಅಡಿಕೆ ಹಾಕಿದ್ದಾರೆ, ಸಂಬಂಧಿಕರು ಮೀನು ಬಿಟ್ಟಿದ್ದಾರೆ, ಯಾರಿಗೋ ಸೋಲಾರ್ ಕಂಪನಿಯವರು ಬಾಡಿಗೆ ಕೊಡುತ್ತಿದ್ದಾರೆ ಎಂಬ ಸುದ್ದಿಯೇ ಆಯ್ಕೆಗೆ ಆಧಾರವಾಗುತ್ತದೆ. ಈ ಲೇಖನದ ವಾದವೇನೆಂದರೆ, ಅಗೆದ ಭೂಮಿಯ ಮಟ್ಟಿಗೆ ಆ ಕ್ರಮವೇ ತಪ್ಪು. ಹೊಂಡದ ತಳ ಯಾವುದರದ್ದು, ಅದರಲ್ಲಿ ಆಗಸ್ಟ್ ತಿಂಗಳಲ್ಲಿ ಎಷ್ಟು ನೀರು ನಿಲ್ಲುತ್ತದೆ, ಮೇ ತಿಂಗಳಲ್ಲಿ ಎಷ್ಟು ಉಳಿಯುತ್ತದೆ ಎಂಬುದನ್ನು ತಿಳಿದ ಮೇಲೆ ಆಯ್ಕೆಗಳ ಪಟ್ಟಿ ತಾನಾಗಿಯೇ ಎರಡು ಮೂರಕ್ಕೆ ಇಳಿಯುತ್ತದೆ.

ಈ ಮಾತಿಗೆ ದೂರದ ಒಂದು ಪುರಾವೆಯೂ ಇದೆ. ಐರ್ಲೆಂಡಿನಲ್ಲಿ ಪೀಟ್ ಎಂಬ, ಜೌಗಿನಲ್ಲಿ ಸಾವಿರಾರು ವರ್ಷಗಳಿಂದ ಅರೆಕೊಳೆತು ಶೇಖರವಾದ ಸಸ್ಯರಾಶಿಯನ್ನು ಉರುವಲಿಗಾಗಿ ದಶಕಗಳ ಕಾಲ ತೆಗೆದ ಸರ್ಕಾರಿ ಕಂಪನಿ ಬೋರ್ಡ್ ನ ಮೋನ, 2021ರ ಜನವರಿಯಲ್ಲಿ ಆ ಕೆಲಸವನ್ನು ಪೂರ್ತಿ ನಿಲ್ಲಿಸಿತು. ಸುಮಾರು 80,000 ಹೆಕ್ಟೇರ್ ಭೂಮಿ ಅದರ ಒಡೆತನದಲ್ಲಿದೆ. ಅಲ್ಲಿ ಮೊದಲು ನೋಡಿದ್ದು ನೀರನ್ನೇ. ಬಸಿಗಾಲುವೆಗಳನ್ನು ಮುಚ್ಚಿದರೆ ಮತ್ತೆ ಜೌಗಾಗಬಲ್ಲ ಕಡೆ ನೀರು ನಿಲ್ಲಿಸಿದರು. ತಳ ಗಟ್ಟಿಯಾಗಿದ್ದು ಅದಕ್ಕೆ ಒಗ್ಗುವ ಕಡೆ ಗಾಳಿಯಂತ್ರಗಳನ್ನು ನೆಟ್ಟರು. ಮೌಂಟ್ ಲ್ಯೂಕಸ್ ಎಂಬಲ್ಲಿ ಹಳೆಯ ಪೀಟ್ ಭೂಮಿಯ ಮೇಲೆಯೇ 28 ಗಾಳಿಯಂತ್ರಗಳು 2014ರಿಂದ ವಿದ್ಯುತ್ ಕೊಡುತ್ತಿವೆ. ಜರ್ಮನಿಯಲ್ಲಿ ಒದ್ದೆ ನೆಲವನ್ನು ಒಣಗಿಸದೆಯೇ ಪಾಚಿ ಮತ್ತು ಜೊಂಡು ಬೆಳೆಯುವ ಪ್ರಯೋಗಗಳು ನಡೆದಿವೆ. ನಮ್ಮ ಕೆಂಪುಕಲ್ಲಿಗೂ ಪೀಟಿಗೂ ರಚನೆಯಲ್ಲಿ ಹೋಲಿಕೆಯಿಲ್ಲ. ಪೀಟಿನ ನೆಲ ಒಣಗಿದರೆ ಅದರೊಳಗಿನ ಇಂಗಾಲ ಗಾಳಿಗೆ ಸೇರುತ್ತದೆ ಎಂಬ ದೊಡ್ಡ ಚಿಂತೆ ಇಲ್ಲಿ ಇಲ್ಲ. ನೀರಿನ ಮಟ್ಟವನ್ನು ಮೊದಲು ನಿರ್ಧರಿಸಿ, ಉಪಯೋಗವನ್ನು ಆಮೇಲೆ ನಿರ್ಧರಿಸುವ ಆ ಕ್ರಮ ಮಾತ್ರ ಇಲ್ಲಿಗೂ ಸಲ್ಲುತ್ತದೆ.

ಮೊದಲು ನೋಡಬೇಕಾದದ್ದು

ಕೆಂಪುಕಲ್ಲಿನ ಪದರದ ಕೆಳಗೆ ಸಾಮಾನ್ಯವಾಗಿ ಬಿಳಿ, ಹಳದಿ ಅಥವಾ ನೇರಳೆ ಛಾಯೆಯ ಶೇಡಿಮಣ್ಣು ಇರುತ್ತದೆ. ಕಲ್ಲು ಕಡಿದವರು ಒಂದೆರಡು ಸಾಲು ಕಲ್ಲನ್ನು ಉಳಿಸಿ ನಿಲ್ಲಿಸಿದ್ದರೆ ತಳ ರಂಧ್ರಮಯವಾಗಿದ್ದು ನೀರು ಇಂಗಿಹೋಗುತ್ತದೆ; ಶೇಡಿಮಣ್ಣಿನವರೆಗೂ ಹೋಗಿದ್ದರೆ ನೀರು ನಿಲ್ಲುತ್ತದೆ. ಈ ಒಂದು ವ್ಯತ್ಯಾಸವೇ ಕೋರೆಯ ಭವಿಷ್ಯವನ್ನು ಅರ್ಧ ತೀರ್ಮಾನಿಸುತ್ತದೆ. ಅಪಾಯವೂ ಇಲ್ಲಿಯೇ ಇದೆ. ಕೆಂಪುಕಲ್ಲಿನ ಗೋಡೆ ನೆಟ್ಟಗೆ ನಿಂತಿದ್ದರೂ ಅದರ ಬುಡದ ಶೇಡಿಮಣ್ಣು ಮಳೆಯಲ್ಲಿ ನೆನೆದು ಮೆತ್ತಗಾದಾಗ ಮೇಲಿನ ಗೋಡೆ ಸಮೇತ ಜರಿಯುತ್ತದೆ. ಆದ್ದರಿಂದ ಯಾವ ಉಪಯೋಗವನ್ನು ಆರಿಸಿದರೂ ಗೋಡೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುವುದು, ಅಂಚಿನಿಂದ ಕೆಲವು ಮೀಟರ್ ಜಾಗ ಬಿಟ್ಟು ಬೇಲಿ ಹಾಕುವುದು ಮತ್ತು ಒಂದು ಬದಿಯಲ್ಲಾದರೂ ನಡೆದು ಇಳಿದು ಹತ್ತಬಹುದಾದ ಇಳಿಜಾರು ಮಾಡುವುದು ಲೆಕ್ಕದ ಮೊದಲ ಸಾಲಿನ ಖರ್ಚು. ಮಳೆಗಾಲದಲ್ಲಿ ತುಂಬಿದ ಕೋರೆಗೆ ಈಜಲು ಇಳಿದ ಮಕ್ಕಳು ಮೇಲೆ ಬರಲಾಗದೆ ಮುಳುಗುವುದು ಹೆಚ್ಚಾಗಿ ನಾಲ್ಕೂ ಬದಿ ನೆಟ್ಟಗಿನ ಗೋಡೆಯಿರುವಲ್ಲಿ.

ಎರಡನೆಯದು ಕಾಗದ. ಜಮೀನು ವರ್ಗದ್ದೇ (ಸ್ವಂತ ಪಟ್ಟಾ ಜಮೀನೇ), ಅಥವಾ ಕೋರೆ ವರ್ಗಕ್ಕೆ ತಾಗಿದ ಸರ್ಕಾರಿ ಭೂಮಿಯಾದ ಕುಮ್ಕಿ ಜಾಗಕ್ಕೂ ಹಬ್ಬಿದೆಯೇ ಎಂಬುದನ್ನು ಪಹಣಿ ಮತ್ತು ನಕ್ಷೆಯೊಂದಿಗೆ ತಾಳೆ ನೋಡಬೇಕು. ಕುಮ್ಕಿಯ ಮೇಲೆ ವರ್ಗದಾರರಿಗೆ ಸೊಪ್ಪು, ಸೌದೆ, ಮೇವಿನ ಸವಲತ್ತು ಇದೆಯೇ ಹೊರತು ಒಡೆತನವಿಲ್ಲವಾದ್ದರಿಂದ, ಅಲ್ಲಿ ಮಾಡಿದ ಶಾಶ್ವತ ಹೂಡಿಕೆಗೆ ಸಾಲವೂ ಸಿಗದು, ಸಹಾಯಧನವೂ ಸಿಗದು. 1994ರ ಕರ್ನಾಟಕ ಉಪಖನಿಜ ರಿಯಾಯಿತಿ ನಿಯಮಗಳ ಅಡಿಯಲ್ಲಿ ಅನುಮತಿ ಪಡೆದು ಕಲ್ಲು ತೆಗೆದಿದ್ದರೆ ಅನುಮತಿಪತ್ರದ ಷರತ್ತುಗಳಲ್ಲಿ ಜಾಗವನ್ನು ಸರಿಪಡಿಸುವ ಹೊಣೆ ಯಾರದ್ದೆಂದು ಓದಿ ನೋಡಿ. ಕೋರೆಯನ್ನು ಗುತ್ತಿಗೆಗೆ ಕೊಟ್ಟವರು ಈ ಹೊಣೆಯನ್ನು ಗುತ್ತಿಗೆದಾರರಿಂದ ಮಾಡಿಸಿಕೊಳ್ಳಲು ಕೊನೆಯ ಲೋಡು ಹೊರಡುವ ಮುಂಚೆ ಮಾತ್ರ ಸಾಧ್ಯ. ಯಂತ್ರ ಜಾಗ ಬಿಟ್ಟ ಮೇಲೆ ಫೋನು ಎತ್ತುವವರಿರುವುದಿಲ್ಲ.

ನೀರಿನ ಸಂಗ್ರಹ: ಲಾಭ ಕಾಣಿಸುವುದು ಪಕ್ಕದ ತೋಟದಲ್ಲಿ

ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆಯಿಂದ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆದರೂ 2019ರ ಮತ್ತು 2023ರ ಬೇಸಿಗೆಗಳಲ್ಲಿ ತುಂಬೆ ಅಣೆಕಟ್ಟಿನ ನೀರು ಇಳಿದು ಮಂಗಳೂರಿನಲ್ಲಿ ಕುಡಿಯುವ ನೀರನ್ನು ಸರದಿಯ ಮೇಲೆ ಬಿಡಬೇಕಾಯಿತು. ಇಲ್ಲಿ ಕೊರತೆಯಿರುವುದು ಮಳೆಗಲ್ಲ, ಮಳೆಯನ್ನು ಮೇ ತಿಂಗಳವರೆಗೆ ಹಿಡಿದಿಡುವ ಜಾಗಕ್ಕೆ. ಆ ಜಾಗವನ್ನು ಬೇರೆ ಖರ್ಚಿಲ್ಲದೆ ಅಗೆದು ಕೊಟ್ಟದ್ದು ಕೋರೆ.

ಲೆಕ್ಕ ಹಾಕಿ ನೋಡೋಣ. ಒಂದು ಎಕರೆ ತಳದ, ಶೇಡಿಮಣ್ಣಿನವರೆಗೆ ಇಳಿದ ಕೋರೆಯಲ್ಲಿ ಡಿಸೆಂಬರ್ ಮೊದಲ ವಾರ ಮೂರು ಮೀಟರ್ ನೀರು ನಿಂತಿದೆ ಎಂದುಕೊಂಡರೆ ಅದು ಸುಮಾರು ಒಂದು ಕೋಟಿ ಇಪ್ಪತ್ತು ಲಕ್ಷ ಲೀಟರ್. ದಿನಕ್ಕೆ ಐದು ಮಿಲಿಮೀಟರಿನಂತೆ ಐದು ತಿಂಗಳು ಆವಿಯಾದರೆ ಸುಮಾರು ಮೂವತ್ತು ಲಕ್ಷ ಲೀಟರ್ ಹೋಗುತ್ತದೆ. ಉಳಿದ ತೊಂಬತ್ತು ಲಕ್ಷದಲ್ಲಿ ಅರ್ಧ ಇಂಗಿ ಹೋಯಿತೆಂದು ಧಾರಾಳವಾಗಿ ಬಿಟ್ಟರೂ ನಲವತ್ತೈದು ಲಕ್ಷ ಲೀಟರ್ ಕೈಗೆ ಸಿಗುತ್ತದೆ. ಹನಿ ನೀರಾವರಿಯಲ್ಲಿ ಒಂದು ಅಡಿಕೆ ಮರಕ್ಕೆ ದಿನಕ್ಕೆ ಹದಿನೆಂಟು ಲೀಟರಿನಂತೆ, ಎಕರೆಗೆ ಐನೂರೈವತ್ತು ಮರಗಳಿಗೆ ನೂರೈವತ್ತು ದಿನ ಕೊಟ್ಟರೆ ಬೇಕಾಗುವುದು ಸುಮಾರು ಹದಿನೈದು ಲಕ್ಷ ಲೀಟರ್. ಅಂದರೆ ಮೂರು ಎಕರೆ ತೋಟದ ಬೇಸಿಗೆ ಕಳೆಯುತ್ತದೆ. ಮಾರ್ಚ್‌ನಲ್ಲಿ ಬಾವಿ ಬತ್ತುವ ತೋಟಕ್ಕೆ ಇದರಿಂದ ಆಗುವ ಇಳುವರಿಯ ಹೆಚ್ಚಳವನ್ನು ಕೋರೆಯ ಆದಾಯವೆಂದೇ ಬರೆದುಕೊಳ್ಳಬೇಕು. ಕೋರೆಯ ತಳದಲ್ಲಿ ಹೊಸದಾಗಿ ಏನಾದರೂ ಬೆಳೆದು ಅಷ್ಟು ಗಳಿಸುವುದು ಕಷ್ಟ.

ತಳ ಇಂಗುವಂಥದ್ದಾದರೆ ಎರಡು ದಾರಿ. ಪ್ಲಾಸ್ಟಿಕ್ ಹಾಳೆ ಹಾಸಿ ಒಂದು ಮೂಲೆಯನ್ನು ಮಾತ್ರ ಕೆರೆಯಾಗಿಸುವುದು ಒಂದು. ಚೂಪುಕಲ್ಲು ಚುಚ್ಚದಂತೆ ಕೆಳಗೆ ಮರಳು ಅಥವಾ ನಯವಾದ ಮಣ್ಣಿನ ಹಾಸು ಬೇಕು, ಇಲ್ಲದಿದ್ದರೆ ಹಾಳೆ ಬಹುಕಾಲ ಬಾಳದು. ಇನ್ನೊಂದು, ಅದನ್ನು ದೊಡ್ಡ ಇಂಗುಗುಂಡಿಯಾಗಿಯೇ ಬಿಡುವುದು. ಪದವಿನ ಮೇಲೆ ಇಂಗಿದ ನೀರು ಕೆಳಗಿನ ಬಾವಿ, ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗ, ತೋಡುಗಳಲ್ಲಿ ಹೊರಬರುತ್ತದೆ. ಅದರಿಂದ ಹಣ ಬರುವುದಿಲ್ಲವಾದರೂ ಕೆಳಗಿನ ತೋಟವೂ ನಿಮ್ಮದೇ ಆಗಿದ್ದರೆ ಇದು ಅತ್ಯಂತ ಕಡಿಮೆ ಖರ್ಚಿನ ಆಯ್ಕೆ. ಸಂಗ್ರಹಿಸಿದ ನೀರನ್ನು ಟ್ಯಾಂಕರಿನವರಿಗೆ ಮಾರುವ ಆಲೋಚನೆ ಹಲವರಿಗೆ ಬರುತ್ತದೆ. ಪಂಚಾಯತ್ ಮತ್ತು ಅಂತರ್ಜಲ ಇಲಾಖೆಯ ಅನುಮತಿಯಿಲ್ಲದೆ ಅದಕ್ಕೆ ಕೈ ಹಾಕಬಾರದು, ಮತ್ತು ಕೋರೆಯ ನೀರು ಪರೀಕ್ಷೆಯಿಲ್ಲದೆ ಕುಡಿಯಲು ಯೋಗ್ಯವಲ್ಲ.

ಮೀನು: ಪೇಟೆಯ ಲೆಕ್ಕ ಕೆರೆಯ ಲೆಕ್ಕಕ್ಕಿಂತ ದೊಡ್ಡದು

ನೀರು ನಿಲ್ಲುವ ಕೋರೆಯನ್ನು ಕಂಡವರೆಲ್ಲರೂ ಮೀನು ಸಾಕಬಹುದಲ್ಲ ಎನ್ನುತ್ತಾರೆ. ಸಾಕಬಹುದು, ಆದರೆ ಎಲ್ಲ ಕೋರೆಯಲ್ಲಿ ಅಲ್ಲ. ಕಾಟ್ಲಾ, ರೋಹು, ಮೃಗಾಲ್ ಮೀನುಗಳಿಗೆ ಒಂದೂವರೆಯಿಂದ ಎರಡು ಮೀಟರ್ ಆಳದ, ಬಿಸಿಲು ಬೀಳುವ, ರಸಸಾರ (ಪಿಎಚ್) ಆರೂವರೆಯಿಂದ ಎಂಟೂವರೆಯ ಒಳಗಿರುವ ನೀರು ಬೇಕು. ಎಂಟು ಹತ್ತು ಮೀಟರ್ ಆಳದ ಕೋರೆಯಲ್ಲಿ ಕೆಳಗಿನ ನೀರಿಗೆ ಬೆಳಕೂ ಇಲ್ಲ, ಆಮ್ಲಜನಕವೂ ಸಾಲದು. ನೆಟ್ಟಗಿನ ಗೋಡೆ ಮತ್ತು ತಳದ ಕಲ್ಲುಚೂರುಗಳ ನಡುವೆ ಬಲೆ ಎಳೆಯುವುದಂತೂ ಇನ್ನೂ ಕಷ್ಟ. ಕೆಂಪುಕಲ್ಲಿನ ನೀರು ಆಮ್ಲೀಯವಾಗಿರುವುದರಿಂದ ಸುಣ್ಣ ಹಾಕುವುದು ಅನಿವಾರ್ಯ. ಹಟ್ಟಿಗೊಬ್ಬರ ಹಾಕಿ ನೀರು ಹಸಿರಾಗುವಂತೆ ಮಾಡದಿದ್ದರೆ ಮರಿಗಳಿಗೆ ಸಹಜ ಆಹಾರವಿರದೆ ಇಡೀ ಭಾರ ಕೊಂಡು ತರುವ ಆಹಾರದ ಮೇಲೆ ಬೀಳುತ್ತದೆ. ಆಳ ಹೆಚ್ಚಿದ್ದಲ್ಲಿ ಪಂಜರ ಕಟ್ಟಿ ಸಾಕುವುದು ಸಾಧ್ಯವಿದ್ದರೂ ಮೊದಲ ಪ್ರಯತ್ನಕ್ಕೆ ಅದು ತಕ್ಕುದಲ್ಲ.

ಮಂಗಳೂರು, ಉಡುಪಿಯ ಗ್ರಾಹಕರಿಗೆ ಬಂಗುಡೆ, ಬೂತಾಯಿ, ಅಂಜಲ್ ಸಿಗುವಾಗ ಕೆರೆಯ ಮೀನು ಬೇಡ. ಈ ರುಚಿಯ ಹಟವನ್ನು ಲೆಕ್ಕಕ್ಕೆ ಹಿಡಿಯದೆ ಮೀನು ಸಾಕಿದವರು ಕೊನೆಗೆ ಅರ್ಧ ಬೆಲೆಗೆ ಮಾರುತ್ತಾರೆ. ಆದರೆ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ, ಆಗ ಸಮುದ್ರದ ಮೀನಿನ ಬೆಲೆ ಏರುತ್ತದೆ. ಜುಲೈನಲ್ಲಿ ಮರಿ ಬಿಟ್ಟು ಮುಂದಿನ ಮೇ ಕೊನೆಗೆ ಹಿಡಿಯುವ ಕ್ರಮ ಇದಕ್ಕೆ ಚೆನ್ನಾಗಿ ಹೊಂದುತ್ತದೆ: ಮೇ ತಿಂಗಳಲ್ಲಿ ನೀರು ತಗ್ಗಿ ಬಲೆ ಎಳೆಯುವುದು ಸುಲಭ, ಜೂನ್ ಮೊದಲ ವಾರಗಳಲ್ಲಿ ಪೇಟೆ ತೆರೆದಿರುತ್ತದೆ. ಮುಂಗಾರು ಜೋರಾಗಿ ಕೋರೆ ತುಂಬಿದ ಮೇಲೆ ಹಿಡಿಯಲು ಹೊರಟರೆ ಮೀನು ಕಾಣುತ್ತದೆ, ಕೈಗೆ ಸಿಗುವುದಿಲ್ಲ. ಉಕ್ಕಿ ಹರಿಯುವ ಕಡೆ ಬಲೆ ಕಟ್ಟದಿದ್ದರೆ ತೋಡಿನ ಪಾಲೂ ಆಗುತ್ತದೆ.

ಎಕರೆಗೆ ಎರಡು ಸಾವಿರದಷ್ಟು, ಬೆರಳುದ್ದಕ್ಕಿಂತ ದೊಡ್ಡ ಮರಿಗಳನ್ನು ಬಿಟ್ಟು, ಮೂರರಲ್ಲಿ ಎರಡು ಪಾಲು ಉಳಿದು, ತಲಾ ಮುಕ್ಕಾಲು ಕಿಲೋ ಬೆಳೆದರೆ ಒಂದು ಟನ್ ಆಸುಪಾಸು ಮೀನು ಸಿಗುತ್ತದೆ. ಮೊದಲ ವರ್ಷ ಅದಕ್ಕಿಂತ ಹೆಚ್ಚು ನಿರೀಕ್ಷಿಸುವುದು ಬೇಡ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಮಾನ್ಯ ವರ್ಗದವರಿಗೆ ಘಟಕವೆಚ್ಚದ ಶೇ. 40, ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಶೇ. 60 ಸಹಾಯಧನವನ್ನು ನಿಗದಿ ಮಾಡಲಾಗಿದೆ. ಆಫ್ರಿಕನ್ ಕ್ಯಾಟ್‌ಫಿಶ್ ಬೇಗ ಬೆಳೆಯುತ್ತದೆಂದು ಯಾರಾದರೂ ಮರಿ ತಂದುಕೊಟ್ಟರೆ ಒಪ್ಪಬೇಡಿ. ಅದರ ಸಾಕಣೆ ದೇಶದಲ್ಲಿ ನಿಷಿದ್ಧ. 1969ರಿಂದ ಮಂಗಳೂರಿನಲ್ಲಿಯೇ ಇರುವ ಮೀನುಗಾರಿಕಾ ಕಾಲೇಜಿನವರಲ್ಲಿ ಮಣ್ಣು ಮತ್ತು ನೀರಿನ ಬಗ್ಗೆ ವಿಚಾರಿಸಿಕೊಂಡೇ ಮರಿಗೆ ಹಣ ಕೊಡುವುದು ಒಳ್ಳೆಯದು.

ಗೇರು, ಪುನರ್ಪುಳಿ, ಮತ್ತು ಅಡಿಕೆಯ ಆಸೆ

ನೀರು ನಿಲ್ಲದ, ಅಗಲವಾದ, ಗೋಡೆ ಎತ್ತರವಿಲ್ಲದ ಕೋರೆಗೆ ಮರಬೆಳೆಯೇ ಸರಿ. ಆದರೆ ಅಲ್ಲಿ ಮಣ್ಣೇ ಇಲ್ಲ ಎಂಬುದನ್ನು ಮರೆಯಬಾರದು. ಕಲ್ಲು ತೆಗೆಯುವ ಮುಂಚೆ ಮೇಲ್ಮಣ್ಣನ್ನು ಬೇರೆಯಾಗಿ ರಾಶಿ ಹಾಕಿಟ್ಟವರು ಪುಣ್ಯವಂತರು. ಅದು ಮಾರಾಟವಾಗಿ ಹೋಗಿದ್ದರೆ ಮಣ್ಣನ್ನು ತಯಾರಿಸಿಕೊಳ್ಳಬೇಕು. ಈ ಕೆಲಸಕ್ಕೆ ಕರಾವಳಿಯಲ್ಲಿ ಸಾಮಗ್ರಿಯ ಕೊರತೆಯಿಲ್ಲ. ತೆಂಗಿನನಾರಿನ ಹುಡಿ ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿಯುತ್ತದೆ; ಪೀಟ್ ತೆಗೆಯುವುದನ್ನು ಕಡಿಮೆ ಮಾಡುತ್ತಿರುವ ಯುರೋಪಿನ ನರ್ಸರಿಗಳು ಅದರ ಬದಲಿಗೆ ದಕ್ಷಿಣ ಭಾರತದಿಂದ ಕೊಳ್ಳುತ್ತಿರುವುದು ಇದನ್ನೇ. ಹಸಿಯಾಗಿ ಹಾಕಿದರೆ ಅದು ಗಿಡದ ಸಾರಜನಕವನ್ನೇ ಕಸಿಯುವುದರಿಂದ ಹಟ್ಟಿಗೊಬ್ಬರದೊಂದಿಗೆ ಕೊಳೆಸಿಯೇ ಬಳಸಬೇಕು. ಜೊತೆಗೆ ಸುಡುಮಣ್ಣು, ಚಿಪ್ಪಿನ ಸುಣ್ಣ, ಸೊಪ್ಪು ಸೇರಬೇಕು. ಎರಡು ಮಳೆಗಾಲ ಸಣಬು ಅಥವಾ ಬೇರೆ ಹಸಿರುಗೊಬ್ಬರದ ಬೆಳೆ ಬೆಳೆದು ಅಲ್ಲಿಯೇ ಕೊಳೆಯಲು ಬಿಟ್ಟು, ಅಂಚಿಗೆ ಗೊಬ್ಬರದ ಗಿಡ ನೆಟ್ಟು, ಆಮೇಲೆ ಮರ ನೆಡುವವರು ಎರಡು ವರ್ಷ ಕಳೆದುಕೊಂಡಂತೆ ಕಂಡರೂ ಮುಂದೆ ಗಿಡ ಸಾಯುವುದು ತಪ್ಪುತ್ತದೆ.

ಗೇರು ಇಲ್ಲಿನ ಸಹಜ ಆಯ್ಕೆ. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದ ಭಾಸ್ಕರ, ಉಳ್ಳಾಲ ಸಂಶೋಧನಾ ಕೇಂದ್ರದ ಉಳ್ಳಾಲ ತಳಿಗಳು ಕರಾವಳಿಗೆಂದೇ ಬಂದವು. ಗಟ್ಟಿ ನೆಲದಲ್ಲಿ ಒಂದು ಮೀಟರ್ ಉದ್ದ, ಅಗಲ, ಆಳದ ಗುಂಡಿ ತೆಗೆದು, ಗುಂಡಿಯಲ್ಲಿ ನೀರು ನಿಲ್ಲದಂತೆ ಒಂದು ಬದಿಗೆ ಕಣಿ ಕಡಿದು, ಜೂನ್ ಜುಲೈನಲ್ಲಿ ಕಸಿಗಿಡ ನೆಡಬೇಕು. ಏಳೂವರೆ ಮೀಟರ್ ಅಂತರದ ಸಾಂಪ್ರದಾಯಿಕ ಕ್ರಮದಲ್ಲಿ ಎಕರೆಗೆ ಸುಮಾರು ಎಪ್ಪತ್ತು ಗಿಡ, ನಾಲ್ಕು ಮೀಟರಿನ ಒತ್ತು ಕ್ರಮದಲ್ಲಿ ಸುಮಾರು ಇನ್ನೂರೈವತ್ತು. ಕೋರೆಯ ತಳದಲ್ಲಿ ಬೇರು ಹರಡಲು ಜಾಗ ಕಡಿಮೆಯಾಗಿ ಮರ ಕುಳ್ಳಾಗಿಯೇ ಉಳಿಯುವುದರಿಂದ ಐದು ಮೀಟರ್ ಅಂತರ, ಅಂದರೆ ಎಕರೆಗೆ ನೂರರವತ್ತು ಗಿಡ, ನನಗೆ ಸರಿಯೆನಿಸುತ್ತದೆ. ಮೂರನೇ ವರ್ಷದಿಂದ ಫಸಲು ಕಾಣುತ್ತದೆ. ಏಳೆಂಟು ವರ್ಷದ ಮರ ಇಂತಹ ನೆಲದಲ್ಲಿ ಮೂರು ಕಿಲೋ ಕೊಟ್ಟರೆ ಎಕರೆಗೆ ಐದು ಕ್ವಿಂಟಾಲಿಗೆ ಸ್ವಲ್ಪ ಕಡಿಮೆ. ಕಿಲೋಗೆ ನೂರು ರೂಪಾಯಿ ಹಿಡಿದರೆ ಐವತ್ತು ಸಾವಿರದೊಳಗಿನ ಒಟ್ಟು ಆದಾಯ; ಅದರಲ್ಲಿ ಹೆಕ್ಕುವ ಕೂಲಿ, ಗೊಬ್ಬರ, ಟೀ ಸೊಳ್ಳೆ ಎಂಬ ಕೀಟದ ನಿಯಂತ್ರಣ ಕಳೆಯಬೇಕು. ಔಷಧ ಸಿಂಪಡಿಸುವ ವಿಷಯದಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕದ ದುರಂತದ ನೆನಪಿರುವ ಜಿಲ್ಲೆಯಿದು. ಕೋರೆಯ ತಳದಲ್ಲಿ ಬಿದ್ದ ವಿಷ ಇಂಗಿ ಬಾವಿಗೆ ಹೋಗುವ ದಾರಿ ಬಹಳ ಹತ್ತಿರವಾದ್ದರಿಂದ ಇಲ್ಲಿ ಎರಡು ಪಟ್ಟು ಎಚ್ಚರ ಬೇಕು.

ಗೇರಿಗೆ ದಿನವಿಡೀ ಬಿಸಿಲು ಬೇಕು. ಗೋಡೆಯ ನೆರಳು ಬೀಳುವ ಪಟ್ಟಿಯಲ್ಲಿ ಅದು ಹೂ ಬಿಡದು. ಅಲ್ಲಿಗೆ ಪುನರ್ಪುಳಿ (ಕೋಕಂ) ಒಳ್ಳೆಯದು. ಅದು ಅರೆನೆರಳನ್ನು ಸಹಿಸುತ್ತದೆ, ಬೇರೂರಿದ ಮೇಲೆ ಬೇಸಿಗೆಯ ನೀರನ್ನು ಬಹಳ ಕೇಳುವುದಿಲ್ಲ, ರೋಗವೂ ಕಡಿಮೆ. ಬೀಜದ ಗಿಡಗಳಲ್ಲಿ ಗಂಡು ಹೆಣ್ಣೆಂಬ ಭೇದವಿರುವುದರಿಂದ ಹಲವು ವರ್ಷ ಕಾದು ಅರ್ಧದಷ್ಟು ಗಿಡ ಗಂಡೆಂದು ತಿಳಿಯುವ ಬದಲು ಹೆಣ್ಣುಮರದ ಕಸಿಗಿಡಗಳನ್ನೇ ತಂದು ನಡುವೆ ಕೆಲವು ಗಂಡು ನೆಡುವುದು ಜಾಣತನ. ಹಣ್ಣಾಗುವುದು ಏಪ್ರಿಲ್ ಮೇ ತಿಂಗಳಲ್ಲಿ. ಮುಂಗಾರುಪೂರ್ವ ಮಳೆ ಬಂದರೆ ಸಿಪ್ಪೆ ಒಣಗದೆ ಬೂಸ್ಟು ಹಿಡಿಯುತ್ತದೆ; ಒಣಗಿಸುವ ಸಣ್ಣ ಸೋಲಾರ್ ಗೂಡು ಅಥವಾ ಹಣ್ಣನ್ನು ಅಂದೇ ಸಕ್ಕರೆಯಲ್ಲಿ ಹಾಕಿ ಶರಬತ್ತಿನ ರಸ ಮಾಡುವ ಏರ್ಪಾಡು ಇದ್ದರೆ ಮಾತ್ರ ಇದು ಲಾಭದ ಬೆಳೆ. ಹಣ್ಣನ್ನು ಹಾಗೆಯೇ ಮಾರಿ ಹಣ ಮಾಡುತ್ತೇನೆಂದರೆ ನಿರಾಶೆ ಖಂಡಿತ.

ಮನೆಗೆ ಹೊಂದಿಕೊಂಡ ಕೋರೆಯಾಗಿದ್ದು, ಬೆಳಗ್ಗೆ ಹೂ ಕೊಯ್ಯಲು ಮನೆಯಲ್ಲಿ ಕೈಗಳಿದ್ದರೆ, ಹತ್ತು ಸೆಂಟ್ಸ್ ಜಾಗದಲ್ಲಿ ಉಡುಪಿ ಮಲ್ಲಿಗೆ ಈ ಎರಡಕ್ಕಿಂತಲೂ ಹೆಚ್ಚು ಗಳಿಸಿಕೊಡಬಲ್ಲದು. ಏರುಮಡಿ ಮಾಡಿ ನೆಟ್ಟರೆ ನೀರು ಬಸಿಯುವ ಕೆಂಪುನೆಲ ಅದಕ್ಕೆ ಒಗ್ಗುತ್ತದೆ. ಸುಮಾರು ಎಂಟುನೂರು ಹೂವಿನ ಚೆಂಡು, ನಾಲ್ಕು ಚೆಂಡಿನ ಅಟ್ಟೆ ಎಂಬ ಲೆಕ್ಕದಲ್ಲಿ ಮಲ್ಲಿಗೆಯ ಪೇಟೆಯಾದ ಶಂಕರಪುರದ ದರ ದಿನದಿನವೂ ಏರಿಳಿಯುವುದರಿಂದ ವರ್ಷದ ಸರಾಸರಿಯನ್ನೇ ನೋಡಬೇಕು. ಎಕರೆಗಟ್ಟಲೆ ಹಾಕುವ ಬೆಳೆ ಇದಲ್ಲ.

ಇನ್ನು ಅಡಿಕೆ. ಕೋರೆಗೆ ಹೊರಗಿನಿಂದ ಮಣ್ಣು ತುಂಬಿ ಅಡಿಕೆ ನೆಡುವುದು ಈಗ ಎಲ್ಲೆಡೆ ಕಾಣುವ ದೃಶ್ಯ, ಮತ್ತು ಕೆಲವೆಡೆ ತೋಟ ಚೆನ್ನಾಗಿಯೂ ಇದೆ. ಆದರೂ ನಾನು ಇದನ್ನು ಶಿಫಾರಸು ಮಾಡುವುದಿಲ್ಲ. ತುಂಬಿಸುವ ಮಣ್ಣಿಗಾಗಿ ಇನ್ನೊಂದು ಗುಡ್ಡವನ್ನು ಅಗೆಯಬೇಕು. ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಲ್ಲದಂತೆಯೂ ಬೇಸಿಗೆಯಲ್ಲಿ ನೀರು ತಪ್ಪದಂತೆಯೂ ನೋಡಿಕೊಳ್ಳಬೇಕು. ಗಾಳಿಯಾಡದ ತಗ್ಗಿನಲ್ಲಿ ಕೊಳೆರೋಗ ಹೆಚ್ಚು. ಇರುವ ತೋಟಕ್ಕೆ ಕೋರೆಯ ನೀರು ಕೊಡುವುದರಿಂದ ಸಿಗುವ ಅಡಿಕೆ, ಕೋರೆಯೊಳಗೆ ನೆಟ್ಟು ಪಡೆಯುವ ಅಡಿಕೆಗಿಂತ ಅಗ್ಗ.

ಸೋಲಾರ್, ತುಂಬಿಸಿ ಕಟ್ಟುವುದು, ಸುಮ್ಮನೆ ಬಿಡುವುದು

ಒಂದು ಮೆಗಾವಾಟ್ ಸೋಲಾರ್ ಘಟಕಕ್ಕೆ ನಾಲ್ಕೈದು ಎಕರೆ ಬೇಕು. 2019ರಲ್ಲಿ ಆರಂಭವಾದ ಪಿಎಂ ಕುಸುಮ್ ಯೋಜನೆಯ ಮೊದಲ ಭಾಗದಲ್ಲಿ, ಬರಡು ಭೂಮಿಯಲ್ಲಿ 500 ಕಿಲೋವಾಟ್‌ನಿಂದ 2 ಮೆಗಾವಾಟ್‌ವರೆಗಿನ ಘಟಕಗಳಿಗೆ ಅವಕಾಶವಿದ್ದು, ಉಪಕೇಂದ್ರ ಐದು ಕಿಲೋಮೀಟರ್ ಒಳಗಿರುವ ಜಾಗಕ್ಕೆ ಆದ್ಯತೆಯಿದೆ. ಹೀಗಾಗಿ ಪದವಿನ ಮೇಲಿನ ವಿಶಾಲವಾದ, ಆರೆಂಟು ಅಡಿಗಿಂತ ಆಳವಿಲ್ಲದ, ನೀರು ಒಂದು ಬದಿಗೆ ಹರಿದು ಹೋಗುವ ಕೋರೆ ಇದಕ್ಕೆ ನಿಜಕ್ಕೂ ಒಪ್ಪುತ್ತದೆ. ಬೇಸಾಯದ ಭೂಮಿಯೂ ಉಳಿಯುತ್ತದೆ. ಆಳದ ಕೋರೆಯಲ್ಲಿ ಬೆಳಗ್ಗೆ ಸಂಜೆ ಗೋಡೆಯ ನೆರಳು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ, ಕಡಲಿಗೆ ಹತ್ತಿರವಾದರೆ ಉಪ್ಪುಗಾಳಿಯ ತುಕ್ಕು ಇವು ಉತ್ಪಾದನೆಯನ್ನು ತಿನ್ನುತ್ತವೆ. ಬಯಲುಸೀಮೆಯ ಲೆಕ್ಕವನ್ನು ತೋರಿಸಿ ಬಾಡಿಗೆ ಹೇಳುವವರೊಂದಿಗೆ ಮಾತನಾಡುವಾಗ ವಿದ್ಯುತ್ ಸರಬರಾಜು ಕಂಪನಿ ಮೆಸ್ಕಾಂನ ಉಪಕೇಂದ್ರದಲ್ಲಿ ಹೊಸ ವಿದ್ಯುತ್ ಪಡೆಯಲು ಜಾಗವಿದೆಯೇ ಎಂದು ಮೊದಲು ವಿಚಾರಿಸಿ. ಒಪ್ಪಂದ ಇಪ್ಪತ್ತೈದು ವರ್ಷದ್ದಾದರೆ ಬಾಡಿಗೆಯ ಏರಿಕೆ, ಅವಧಿ ಮುಗಿದಾಗ ಕಂಬ ಹಾಗೂ ಕಾಂಕ್ರೀಟನ್ನು ಕೀಳುವ ಹೊಣೆ, ಮತ್ತು ಕಂಪನಿ ಕೈಬದಲಾದರೆ ಏನು ಎಂಬ ಮೂರು ಅಂಶಗಳು ಬರಹದಲ್ಲಿರಲಿ. ಎರಡು ಎಕರೆಗಿಂತ ಚಿಕ್ಕ ಕೋರೆಯವರು ಇದನ್ನು ಬಿಟ್ಟು, ನೀರೆತ್ತಲು ಒಂದು ಸೋಲಾರ್ ಪಂಪು ಹಾಕಿಸಿದರೆ ಸಾಕು.

ತುಂಬಿಸಿ ಸೈಟು ಮಾಡುವುದು ಪೇಟೆಗೆ ಹತ್ತಿರದ ಕೋರೆಗಳಿಗೆ ಅತಿ ಹೆಚ್ಚು ಹಣ ತರುವ ಆಯ್ಕೆ ಎಂಬುದನ್ನು ಅಲ್ಲಗಳೆಯಲಾಗದು. 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಭೂಪರಿವರ್ತನೆ ಆಗಬೇಕು, ತುಂಬಿದ ಮಣ್ಣು ಹಲವು ಮಳೆಗಾಲ ಕುಳಿತು ಗಟ್ಟಿಯಾಗಬೇಕು; ಅವಸರಪಟ್ಟರೆ ಗೋಡೆ ಬಿರುಕು ಬಿಡುತ್ತದೆ. ತುಂಬುವುದು ಕಸದಿಂದಾದರೆ ಉತ್ತರ ಒಂದೇ: ಬೇಡ. 2019ರ ಆಗಸ್ಟ್ ಮಳೆಯಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜರಿದು ಮಂದಾರ ಎಂಬಲ್ಲಿನ ತೋಟಗಳನ್ನು ಮುಚ್ಚಿ, ಜನ ಮನೆ ಬಿಡಬೇಕಾಯಿತು. ರಂಧ್ರಮಯ ಕೆಂಪುಕಲ್ಲಿನಲ್ಲಿ ಕಸದ ರಸ ಇಳಿಯುವುದನ್ನು ತಡೆಯುವ ಪದರವಿಲ್ಲದೆ ಕೋರೆಗೆ ಕಸ ಸುರಿಯುವುದೆಂದರೆ ಇಡೀ ಊರಿನ ಬಾವಿಗಳಿಗೆ ಸುರಿದಂತೆ.

ಏನೂ ಮಾಡದೆ ಬಿಡುವುದೂ ಒಂದು ಆಯ್ಕೆಯೇ. ಬೇಲಿ ಹಾಕಿ, ಅಕೇಶಿಯಾ ನುಗ್ಗದಂತೆ ನೋಡಿ, ನೇರಳೆ, ಹೆಬ್ಬಲಸು, ಸುರಗಿ, ಹೊನ್ನೆಯ ಕೆಲವು ಗಿಡ ನೆಟ್ಟರೆ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಸಣ್ಣ ಕಾಡಾಗುತ್ತದೆ. ಆದಾಯದ ಮಾತು ಇಲ್ಲಿಲ್ಲ.

ಆವೆಮಣ್ಣಿನ ಹೊಂಡಗಳ ವಿಷಯ ಬೇರೆ

ಬೈಲಿನ ಹೊಂಡಗಳಲ್ಲಿ ನೀರು ನಿಲ್ಲುವುದು ಖಚಿತ. ಅಲ್ಲಿ ಪ್ರಶ್ನೆ ಸಿಹಿನೀರೋ ಉಪ್ಪುನೀರೋ ಎಂಬುದು. ಮಾರ್ಚ್ ಏಪ್ರಿಲ್‌ನಲ್ಲಿ ಉಬ್ಬರದ ನೀರು ಬಾರದ ಕಡೆ ಒಂದೆರಡು ಮೀಟರ್ ಆಳದ ಹೊಂಡ ಕಾಟ್ಲಾ, ರೋಹುಗಳಿಗೆ ಕೋರೆಗಿಂತ ಎಷ್ಟೋ ಉತ್ತಮ, ಏಕೆಂದರೆ ಜೇಡಿಯ ತಳ ನೀರನ್ನೂ ಗೊಬ್ಬರದ ಸಾರವನ್ನೂ ಹಿಡಿದಿಡುತ್ತದೆ ಮತ್ತು ಬಲೆ ಸಲೀಸಾಗಿ ಓಡುತ್ತದೆ. ಉಪ್ಪು ಬರುವಲ್ಲಿ ಸೀಬಾಸ್ ಮೀನು ಅಥವಾ ಸಿಗಡಿ ಸಾಕಬಹುದು. ಆದಾಯ ಹೆಚ್ಚು, ಆದರೆ ರೋಗ ಬಂದರೆ ಸಿಗಡಿ ಒಂದೇ ವಾರದಲ್ಲಿ ಕೈಬಿಡುತ್ತದೆ. ಮೊದಲ ಬಾರಿಗೆ ಹೂಡುವವರಿಗೆ ಸೀಬಾಸ್ ಹೆಚ್ಚು ಸಹನೀಯ. ಉಬ್ಬರ ಇಳಿತವಿರುವ ನದಿಗಳ ದಂಡೆಗೂ ಕರಾವಳಿ ನಿಯಂತ್ರಣ ವಲಯದ ನಿಯಮ ಅನ್ವಯವಾಗುವುದರಿಂದ ಕಟ್ಟೆ ಕಟ್ಟುವ, ತೂಬು ಇಡುವ ಮುಂಚೆ ಅನುಮತಿ ಬೇಕು. ಹೊಂಡದ ಅಂಚಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡವಿದ್ದರೆ ಕಡಿಯಬೇಡಿ: ದಂಡೆ ಕುಸಿಯದಂತೆ ಹಿಡಿಯುವುದೂ ಮೀನುಮರಿಗೆ ಆಸರೆ ಕೊಡುವುದೂ ಅದೇ.

ಹೊಂಡವನ್ನು ತುಂಬಿ ಮತ್ತೆ ಗದ್ದೆ ಮಾಡಬೇಕೆಂಬ ಹಿರಿಯರ ಆಸೆ ಅರ್ಥವಾಗುವಂಥದ್ದೇ. ಅರ್ಧ ಮೀಟರ್ ಮಾತ್ರ ತಗ್ಗಿದ್ದರೆ, ಪಕ್ಕದ ಗದ್ದೆಯ ಬದು ಜರಿಯದಂತೆ ಕಟ್ಟಿ, ನೀರು ತಾಳುವ ಭತ್ತದ ತಳಿಯಿಂದ ಒಂದು ಬೆಳೆ ತೆಗೆಯಬಹುದು. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ತಳಿಯ ಬಗ್ಗೆ ವಿಚಾರಿಸಬಹುದು. ಅದಕ್ಕಿಂತ ಆಳವಾದರೆ ತುಂಬುವ ಖರ್ಚನ್ನು ಭತ್ತ ತೀರಿಸುವುದಿಲ್ಲ.

ಎರಡು ಎಕರೆಯ ಕೋರೆ, ಅರ್ಧ ತಳ ಶೇಡಿಮಣ್ಣು, ಅರ್ಧ ಕಲ್ಲು, ಕೆಳಗೆ ಒಂದು ತೋಟ ಇರುವವರ ಜಾಗದಲ್ಲಿ ನಾನಿದ್ದರೆ ಮೊದಲ ವರ್ಷದ ಹಣವನ್ನು ಬೇಲಿ, ಇಳಿಜಾರು ಮತ್ತು ಅಳತೆಗಳಿಗೆ ಹಾಕುತ್ತೇನೆ: ಬಣ್ಣದ ಗೆರೆ ಎಳೆದ ಒಂದು ಕಂಬವನ್ನು ತಳದಲ್ಲಿ ನೆಟ್ಟು ಪ್ರತಿ ತಿಂಗಳ ಮೊದಲ ದಿನ ನೀರಿನ ಮಟ್ಟ ಬರೆದಿಟ್ಟರೆ ಸಾಕು, ಎಂಜಿನಿಯರ್ ಬೇಡ. ಎರಡನೇ ಬೇಸಿಗೆಗೆ ಪಂಪು ಮತ್ತು ತೋಟಕ್ಕೆ ಹನಿ ನೀರಾವರಿ. ಕಲ್ಲಿನ ಅರ್ಧದಲ್ಲಿ ಆ ಎರಡೂ ಮಳೆಗಾಲ ಹಸಿರುಗೊಬ್ಬರ, ಮೂರನೇ ಜೂನ್‌ನಲ್ಲಿ ಬಿಸಿಲಿಗೆ ಗೇರು, ಗೋಡೆಯ ನೆರಳಿಗೆ ಪುನರ್ಪುಳಿ. ಮೇ ತಿಂಗಳಲ್ಲಿಯೂ ಒಂದೂವರೆ ಮೀಟರ್ ನೀರು ಉಳಿಯುತ್ತದೆಂದು ಕಂಬದ ಲೆಕ್ಕ ಎರಡು ವರ್ಷ ಸತತವಾಗಿ ತೋರಿಸಿದರೆ ಮಾತ್ರ ಮೀನುಮರಿಗೆ ಮುಂಗಡ ಕೊಡುತ್ತೇನೆ.